ಐಸ್ ಕರಗಬೇಕಾ, ಕರಗಬಾರದಾ? ಫ್ರಿಜ್ ಇತಿಹಾಸದ ಟಿಪ್ಪಣಿ

ಇಸವಿಗಳನ್ನು ಬೇಗ ಮುಗಿಸೋಣ, ಅವು ಹೇಗೂ ನೆನಪಿರುತ್ತವೆ. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ 1806ರಲ್ಲಿ ಕೊಳದ ಐಸನ್ನು ಹಡಗಿಗೆ ತುಂಬಿ ಮಾರ್ಟಿನಿಕ್ ದ್ವೀಪಕ್ಕೆ ಒಯ್ದ. 1833ರಲ್ಲಿ ಅವನ ಸುಮಾರು 180 ಟನ್ ಐಸ್ ಕಲ್ಕತ್ತಾಕ್ಕೆ ಹೊರಟಿತು, ನಾಲ್ಕು ತಿಂಗಳ ನಂತರ ಸುಮಾರು 100 ಟನ್ ಮುಟ್ಟಿತು. ಮದ್ರಾಸಿನಲ್ಲಿ ಇದಕ್ಕಾಗಿಯೇ ಕಟ್ಟಿದ ಐಸ್ ಹೌಸ್ ಇವತ್ತೂ ಮರೀನಾ ಎದುರಿಗಿದೆ. ಈಗ ಅದು ವಿವೇಕಾನಂದರ್ ಇಲ್ಲಂ.

ಹಡಗಿನಲ್ಲಿ ಐಸ್ ಉಳಿದಿದ್ದು ಮರದ ಹೊಟ್ಟಿನಿಂದ. ಶಾಖ ಒಳಗೆ ಬರದಂತೆ ಅದು ತಡೆಯಿತು. ಇಷ್ಟು ಓದಿದ ಮೇಲೆ ಮನೆಯ ಐಸ್ ಪೆಟ್ಟಿಗೆಯ (ಫ್ರಿಜ್ ಬರುವ ಮೊದಲು ಐಸ್ ಇಟ್ಟು ಹಾಲು, ಮಾಂಸ ತಂಪಾಗಿಡುತ್ತಿದ್ದ ಪೆಟ್ಟಿಗೆ) ವಿಷಯ ಬಂತು, ನಾನು ಸಿಕ್ಕಿಕೊಂಡಿದ್ದು ಅಲ್ಲೇ. ಅಮೆರಿಕದ ಎಷ್ಟೋ ಮನೆಗಳಲ್ಲಿ ಐಸ್ ಬೇಗ ಕರಗದಿರಲಿ ಅಂತ ಅದಕ್ಕೆ ಪೇಪರ್ ಸುತ್ತಿ ಪೆಟ್ಟಿಗೆಯೊಳಗೆ ಇಡುತ್ತಿದ್ದರು. ಐಸ್ ಉಳಿಯುತ್ತಿತ್ತು, ಹಾಲು ಒಡೆಯುತ್ತಿತ್ತು! ಹಡಗಿನಲ್ಲಿ ಸರಿಯಾದದ್ದು ಇಲ್ಲಿ ಯಾಕೆ ತಪ್ಪು?

ಲೆಕ್ಕ ಹಾಕಿ ನೋಡಿ. 1 ಕೆಜಿ ಐಸ್ ಕರಗಿ ನೀರಾಗಲು 80 ಕಿಲೋಕ್ಯಾಲೊರಿ ಶಾಖ ಬೇಕು. ಅಷ್ಟನ್ನೂ ಹೀರುವಾಗ ಅದು 0 ಡಿಗ್ರಿಯಿಂದ ಕದಲುವುದಿಲ್ಲ. ಅದರ ಬದಲು 0 ಡಿಗ್ರಿಯ 1 ಕೆಜಿ ನೀರಿಟ್ಟರೆ, 10 ಕಿಲೋಕ್ಯಾಲೊರಿ ಹೀರುವಷ್ಟರಲ್ಲಿ ಅದೇ 10 ಡಿಗ್ರಿಗೆ ಏರಿರುತ್ತದೆ. ಅಂದರೆ ಐಸ್ ತಂಪಾಗಿದೆ ಅನ್ನುವುದಕ್ಕಿಂತ ಅದು ಕರಗುತ್ತಿದೆ ಅನ್ನುವುದೇ ಮುಖ್ಯ, ಹಾಲಿನ ಶಾಖವನ್ನು ಎಳೆದುಕೊಳ್ಳುವುದು ಆ ಕರಗುವಿಕೆಯೇ. ಹಡಗಿನಲ್ಲಿ ಐಸ್ ಬರೀ ಸರಕು, ಪೆಟ್ಟಿಗೆಯಲ್ಲಿ ಕೆಲಸಗಾರ. ಹೊಟ್ಟೋ ಕಾರ್ಕೋ ಪೆಟ್ಟಿಗೆಯ ಗೋಡೆಯೊಳಗೆ ಇರಬೇಕು, ಐಸ್ ಸುತ್ತ ಅಲ್ಲ.

ಕರಗಿದ ಮೇಲೆ ಹೊಸದು ಬೇಕು, ಅಲ್ವಾ? ಹಾಗಾಗಿ ಐಸ್‌ನವನು ಮತ್ತೆ ಮತ್ತೆ ಬರಲೇಬೇಕು. ಕಿಟಕಿಯಲ್ಲಿ 25, 50, 75, 100 ಅಂತ ಬರೆದ ಕಾರ್ಡ್ ಇಡುತ್ತಿದ್ದರು, ಬೇಕಾದ ಪೌಂಡಿನ ಅಂಕಿ ಮೇಲೆ ಬರುವಂತೆ ತಿರುಗಿಸಿದರೆ ಅವನು ಅಷ್ಟು ಹೊತ್ತು ತರುತ್ತಿದ್ದ. ಕೆಳಗಿನ ತಟ್ಟೆಯ ನೀರು ಚೆಲ್ಲುವುದು ಮರೆತರೆ ಅಡುಗೆಮನೆಯೆಲ್ಲ ಒದ್ದೆ.

ಫ್ರಿಜ್ ಈ ಕಾಟ ತಪ್ಪಿಸಿತು. ಅಲ್ಲಿ ಕರಗುವ ಐಸ್ ಬದಲು ಕೊಳವೆಯಲ್ಲಿ ಒಂದು ದ್ರವ ಆವಿಯಾಗಿ ಶಾಖ ಹೀರುತ್ತದೆ. ಕಂಪ್ರೆಸರ್ ಆ ಆವಿಯನ್ನು ಒತ್ತುತ್ತದೆ, ಹಿಂದಿನ ಕೊಳವೆಯಲ್ಲಿ ಶಾಖ ಬಿಟ್ಟು ಅದು ಮತ್ತೆ ದ್ರವವಾಗುತ್ತದೆ. ಫ್ರಿಜ್‌ನ ಹಿಂಬದಿ ಬಿಸಿ ಇರುವುದು ಅದಕ್ಕೇ. ಅಮೆರಿಕದ ಮನೆಗಳಲ್ಲಿ 1927ರ ಜಿಇ ಕಂಪನಿಯ ‘ಮಾನಿಟರ್ ಟಾಪ್’ ಫ್ರಿಜ್ ಇದನ್ನು ಜನಪ್ರಿಯ ಮಾಡಿತು. ಭಾರತದಲ್ಲಿ ಗೋದ್ರೆಜ್ ಫ್ರಿಜ್ ಬಂದಿದ್ದು 1958ರಲ್ಲಿ. ಹಾಲು, ಮಾಂಸಕ್ಕೆ ದಿನಾ ಅಂಗಡಿಗೆ ಓಡುವುದು ಕಡಿಮೆಯಾಯಿತು, ಮಿಕ್ಕ ಸಾರು ನಾಳೆಗೂ ಉಳಿಯಿತು.

ಪರೀಕ್ಷೆಗೆ ನನ್ನ ಇಷ್ಟದ ಶಾರ್ಟ್‌ಕಟ್: ‘1.5 ಟನ್ ಏಸಿ’ಯ ಟನ್ ಯಂತ್ರದ ತೂಕ ಅಲ್ಲ, ಐಸಿನದು. 2000 ಪೌಂಡ್, ಅಂದರೆ 907 ಕೆಜಿ ಐಸ್ 24 ಗಂಟೆಯಲ್ಲಿ ಕರಗುವಾಗ ಹೀರುವ ಶಾಖವೇ 1 ಟನ್. 907ನ್ನು 334 ಕಿಲೋಜೌಲ್‌ನಿಂದ (ಮೇಲಿನ 80 ಕಿಲೋಕ್ಯಾಲೊರಿಯೇ, ಅಳತೆ ಮಾತ್ರ ಬೇರೆ) ಗುಣಿಸಿ 86,400 ಸೆಕೆಂಡಿನಿಂದ ಭಾಗಿಸಿದರೆ ಸುಮಾರು 3.5 ಕಿಲೋವ್ಯಾಟ್. ಇದು ಕೋಣೆಯಿಂದ ಹೊರಗೆ ಹಾಕುವ ಶಾಖ. ಕರೆಂಟ್ ಬಿಲ್ಲಿನ ಲೆಕ್ಕ ಬೇರೆ, ಎರಡನ್ನೂ ಬೆರೆಸಬೇಡಿ.