‘ರಾಕೆಟ್’ ಎಂಬ ಉಗಿಬಂಡಿಯ 25 ಕೊಳವೆಗಳು: ಬ್ರಿಟನ್ನಿನ ರೈಲು, 1804ರಿಂದ 1830

ಉಗಿಬಂಡಿ ಕಂಡುಹಿಡಿದದ್ದು ಯಾರು? ಗೈಡುಗಳಲ್ಲಿ ಸಾಮಾನ್ಯವಾಗಿ ಜಾರ್ಜ್ ಸ್ಟೀಫನ್‌ಸನ್ ಅಂತ ಒಂದೇ ಸಾಲು ಇರುತ್ತದೆ. ಪ್ರಶ್ನೆಯನ್ನೇ ಮೂರಾಗಿ ಒಡೆದರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ.

ಹಳಿ ಮೇಲೆ ಮೊದಲು ಓಡಿಸಿದ್ದು ರಿಚರ್ಡ್ ಟ್ರೆವಿಥಿಕ್. ವೇಲ್ಸ್‌ನ ಪೆನಿಡ್ಯಾರನ್ ಕಬ್ಬಿಣದ ಕಾರ್ಖಾನೆಯಿಂದ, 1804ರ ಫೆಬ್ರವರಿ 21ರಂದು, 10 ಟನ್ ಕಬ್ಬಿಣ ಮತ್ತು 70 ಜನರ ಸಮೇತ. ಎಂಜಿನ್ ಚೆನ್ನಾಗೇ ಇತ್ತು, ಅದರ ಭಾರಕ್ಕೆ ಎರಕದ ಹಳಿಗಳು ಮುರಿದವು. ಸಾರ್ವಜನಿಕ ಹಳಿದಾರಿಗೆ ಉಗಿ ತಂದದ್ದು ಸ್ಟೀಫನ್‌ಸನ್: ಸ್ಟಾಕ್ಟನ್–ಡಾರ್ಲಿಂಗ್ಟನ್, 1825. ಅಲ್ಲಿ ಉಗಿ ಎಳೆದದ್ದು ಹೆಚ್ಚಾಗಿ ಕಲ್ಲಿದ್ದಲನ್ನು, ಪ್ರಯಾಣಿಕರ ಗಾಡಿಗೆ ಇನ್ನೂ ಕೆಲವು ವರ್ಷ ಕುದುರೆಯೇ. ಎರಡು ದೊಡ್ಡ ಊರುಗಳ ನಡುವೆ ಜನರನ್ನು ಉಗಿಯಿಂದಲೇ ಸಾಗಿಸಿದ್ದು ಲಿವರ್‌ಪೂಲ್–ಮ್ಯಾಂಚೆಸ್ಟರ್, 1830. ಇದರ ಹಿಂದಿನ ವರ್ಷ, ಈ ಮಾರ್ಗಕ್ಕೆ ಎಂಜಿನ್ ಆರಿಸಲು, ರೈನ್‌ಹಿಲ್ ಸ್ಪರ್ಧೆ. ನಾನು ನೆನಪಿಟ್ಟುಕೊಳ್ಳುವುದು ಹೀಗೆ: 4, 25, 29, 30. ಅಷ್ಟೇ.

ರೈನ್‌ಹಿಲ್ ಸ್ಪರ್ಧೆ ನಡೆದದ್ದು 1829ರ ಅಕ್ಟೋಬರ್‌ನಲ್ಲಿ, ಬಹುಮಾನ 500 ಪೌಂಡ್. ತನ್ನ ತೂಕದ ಮೂರರಷ್ಟು ಹೊರೆ ಎಳೆಯಬೇಕು, ಗಂಟೆಗೆ 10 ಮೈಲಿಗೆ ಕಡಿಮೆ ಆಗಬಾರದು. ಜನರ ಮೆಚ್ಚಿನ ಎಂಜಿನ್ ನಾವೆಲ್ಟಿ. ಅದರ ಪೈಪುಗಳು ಕೈಕೊಟ್ಟವು. ಸೈಕ್ಲೋಪೆಡ್ ಅಂತ ಇನ್ನೊಂದು ಬಂದಿತ್ತು, ಅದರಲ್ಲಿ ಬೆಲ್ಟಿನ ಮೇಲೆ ಒಂದು ಕುದುರೆ ನಡೆಯುತ್ತಿತ್ತು! ಕೊನೆವರೆಗೂ ಓಡಿದ್ದು ರಾಕೆಟ್ ಒಂದೇ. ಕಟ್ಟಿದ್ದು ಜಾರ್ಜ್ ಮಗ ರಾಬರ್ಟ್, ನ್ಯೂಕ್ಯಾಸಲ್‌ನಲ್ಲಿ.

ಇನ್ನು ನನ್ನ ತಲೆ ಕೆಡಿಸಿದ ಭಾಗ. ‘ರಾಕೆಟ್‌ನಲ್ಲಿ ಬಹುಕೊಳವೆ ಬಾಯ್ಲರ್ ಇತ್ತು, ಆದ್ದರಿಂದ ಗೆದ್ದಿತು’ ಅಂತ ಓದುತ್ತೇವೆ. ಬಾಯ್ಲರ್ ಅಂದರೆ ನೀರು ಕಾಯಿಸಿ ಉಗಿ ಮಾಡುವ ತೊಟ್ಟಿ; ಬೆಂಕಿಯ ಬಿಸಿಗಾಳಿ ಆ ನೀರಿನ ನಡುವಿನ ಕೊಳವೆಗಳಲ್ಲಿ ಹಾದು ಚಿಮಣಿಗೆ ಹೋಗುತ್ತದೆ. ಸರಿ, ಆದರೆ ಒಂದು ದೊಡ್ಡ ಕೊಳವೆಯಲ್ಲಿ ಹೋಗುವ ಬಿಸಿಗಾಳಿಯೇ 25 ಸಣ್ಣ ಕೊಳವೆಗಳಲ್ಲಿ ಹೋದರೆ ಲಾಭ ಏನು? ಬೆಂಕಿ ಅಷ್ಟೇ ಅಲ್ವಾ?

ಬೆಂಕಿ ಅಷ್ಟೇ. ಆದರೆ ನೀರಿಗೆ ಶಾಖ ದಾಟುವುದು ಕೊಳವೆಯ ಗೋಡೆಯಿಂದ ಮಾತ್ರ. ನಡುವೆ ಹೋಗುವ ಬಿಸಿಗಾಳಿ ಗೋಡೆ ಮುಟ್ಟದೆ ಸುಮ್ನೆ ಚಿಮಣಿಗೆ ಹೋಗಿಬಿಡುತ್ತದೆ. ಹಾಗಾಗಿ ಲೆಕ್ಕ ಹಾಕಬೇಕಾದದ್ದು ಗೋಡೆಯನ್ನು. ರಾಕೆಟ್‌ನ ತಾಮ್ರದ ಕೊಳವೆಗಳ ಅಗಲ 3 ಇಂಚು, ಅಂದರೆ 0.25 ಅಡಿ. ಉದ್ದ 6 ಅಡಿ. ಒಂದರ ಗೋಡೆ 3.14 × 0.25 × 6 = 4.71 ಚದರಡಿ. 25ಕ್ಕೆ 117.75.

ಈಗ ಅಷ್ಟೇ ಗಾಳಿ ಹಿಡಿಯುವ ಒಂದೇ ಕೊಳವೆ ತಗೊಳ್ಳಿ. ಬಾಯಿಯ ವಿಸ್ತೀರ್ಣ ಅಗಲದ ವರ್ಗಕ್ಕೆ ತಕ್ಕಂತೆ ಇರುತ್ತದೆ. 25 × 3² = 225 = 15². ಅಂದರೆ 15 ಇಂಚಿನದು ಒಂದು ಸಾಕು. ಅದರ ಗೋಡೆ 3.14 × 1.25 × 6 = 23.55 ಚದರಡಿ. ಬಾಯಿ ಎರಡಕ್ಕೂ ಒಂದೇ, ಗೋಡೆ ಮಾತ್ರ ಸರಿಯಾಗಿ ಐದು ಪಟ್ಟು. ಶಾರ್ಟ್‌ಕಟ್ ಬೇಕಾದರೆ: ಕೊಳವೆಗಳ ಸಂಖ್ಯೆಯ ವರ್ಗಮೂಲವೇ ಲಾಭ. 25ಕ್ಕೆ 5, 100ಕ್ಕೆ 10.

ಹಾಗಾದರೆ 100 ಕೊಳವೆ ಯಾಕೆ ಹಾಕಲಿಲ್ಲ ಅನ್ನಿಸುತ್ತದೆ. ಕೊಳವೆ ಸಣ್ಣದಾದಷ್ಟೂ ಗಾಳಿಗೆ ತಡೆ ಜಾಸ್ತಿ, ಬೆಂಕಿ ಉಸಿರುಗಟ್ಟುತ್ತದೆ. ಆ ಗಾಳಿಯನ್ನು ಯಾರಾದರೂ ಎಳೆಯಬೇಕು. ಸಿಲಿಂಡರಿನಲ್ಲಿ ಕೆಲಸ ಮುಗಿಸಿದ ಉಗಿಯನ್ನು ಚಿಮಣಿಯೊಳಗೆ ಮೇಲ್ಮುಖವಾಗಿ ಚಿಮ್ಮಿಸಿದರೆ ಅದು ಹೊಗೆಯನ್ನೂ ಜೊತೆಗೆ ಎಳೆದೊಯ್ಯುತ್ತದೆ, ಅತ್ತ ಬೆಂಕಿಗೆ ಹೊಸ ಗಾಳಿ ನುಗ್ಗುತ್ತದೆ. ಊದುಗೊಳವೆ ಹಿಡಿದು ತನ್ನ ಒಲೆಯನ್ನು ತಾನೇ ಊದಿಕೊಂಡ ಹಾಗೆ. ಎಂಜಿನ್ ದುಡಿದಷ್ಟೂ ಉಗಿ ಹೆಚ್ಚು ಚಿಮ್ಮುತ್ತದೆ, ಬೆಂಕಿಯೂ ಏರುತ್ತದೆ. ಉಗಿಯನ್ನು ಚಿಮಣಿಗೆ ಬಿಡುವುದು ಟ್ರೆವಿಥಿಕ್ ಆಗಲೇ ಮಾಡಿದ್ದ ಕೆಲಸ. ಕೊಳವೆಗಳ ಯೋಚನೆ ಕೊಟ್ಟದ್ದು ಹೆನ್ರಿ ಬೂತ್, ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲ್ವೆ ಕಂಪನಿಯ ಖಜಾಂಚಿ. ಫ್ರಾನ್ಸ್‌ನಲ್ಲಿ ಮಾರ್ಕ್ ಸೆಗ್ವಾನ್ ಕೂಡ ಬೇರೆಯಾಗಿಯೇ ಇಂಥದ್ದೇ ಬಾಯ್ಲರ್ ಮಾಡಿದ್ದರು. ಹೀಗಿರುವಾಗ ಎಲ್ಲಾ ಹೆಸರೂ ಒಂದೇ ಮನೆತನಕ್ಕೆ ಹೋದದ್ದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಉಳಿದದ್ದು ಬೇಗ ಮುಗಿಸುತ್ತೇನೆ. 1830ರ ಸೆಪ್ಟೆಂಬರ್ 15ರಂದು ಲಿವರ್‌ಪೂಲ್–ಮ್ಯಾಂಚೆಸ್ಟರ್ ಮಾರ್ಗ ಶುರುವಾಯಿತು. ಪ್ರಧಾನಿ ವೆಲ್ಲಿಂಗ್ಟನ್ ಬಂದಿದ್ದರು. ಪಾರ್ಕ್‌ಸೈಡ್‌ನಲ್ಲಿ ರೈಲು ನೀರಿಗೆ ನಿಂತಾಗ ಸಂಸದ ವಿಲಿಯಂ ಹಸ್ಕಿಸನ್ ಹಳಿಗೆ ಇಳಿದು ಅವರನ್ನು ಮಾತಾಡಿಸಲು ಹೋದರು. ಪಕ್ಕದ ಹಳಿಯಲ್ಲಿ ಬಂದ ರಾಕೆಟ್ ಅವರ ಕಾಲಿನ ಮೇಲೆ ಹರಿಯಿತು. ಜಾರ್ಜ್ ಸ್ಟೀಫನ್‌ಸನ್ ಸ್ವತಃ ನಾರ್ತಂಬ್ರಿಯನ್ ಎಂಜಿನ್ ಓಡಿಸಿ ಎಕಲ್ಸ್‌ಗೆ ಕರೆದೊಯ್ದರೂ ಹಸ್ಕಿಸನ್ ಅದೇ ರಾತ್ರಿ ತೀರಿಕೊಂಡರು. ಇದನ್ನು ‘ಮೊದಲ ರೈಲು ಸಾವು’ ಅಂತ ಬರೆಯಬೇಡಿ. ಅದಕ್ಕೂ ಮುಂಚೆ ಹಳಿಗಳ ಮೇಲೆ ಜನ ಸತ್ತಿದ್ದಾರೆ. ದೇಶವಿಡೀ ಸುದ್ದಿಯಾದ ಮೊದಲ ಸಾವು ಅಂದರೆ ಸರಿ.