ಗುರುಪೂಜೆ: ಆ ನಮಸ್ಕಾರ ಯಾರಿಗೆ ಸಲ್ಲುತ್ತದೆ?

ಗುರುಪೂರ್ಣಿಮೆಯೆನಿಸಿದ ಆಷಾಢ ಹುಣ್ಣಿಮೆ ಹತ್ತಿರ ಬಂತೆಂದರೆ ಗುರುಪೂಜೆಯ ಕುರಿತು ಚರ್ಚೆ ಏಳುತ್ತದೆ. ಪಾದಪೂಜೆ ವೇದಕಾಲದಿಂದ ಬಂದದ್ದು, ಪ್ರಶ್ನಿಸಬಾರದು ಎಂದು ಕೆಲವರು ಹೇಳಿದರೆ, ಬರಿಯ ವ್ಯಕ್ತಿಪೂಜೆ ಎಂದು ಕೆಲವರು ತಳ್ಳಿಹಾಕುತ್ತಾರೆ. ಆಚರಣೆ ಬೆಳೆದುಬಂದ ದಾರಿಯನ್ನು ಹಿಡಿದು ನೋಡಿದವರಿಗೆ ಈ ಎರಡು ಮಾತುಗಳೂ ಅರೆಬರೆಯಾಗಿ ತೋರುತ್ತವೆ.

ಉಪನಿಷತ್ತಿನ ಶಿಷ್ಯ ಕೈಯಲ್ಲಿ ಸಮಿತ್ತು (ಯಜ್ಞದ ಕಟ್ಟಿಗೆ) ಹಿಡಿದು ಗುರುವನ್ನು ಅರಸಿ ಹೋಗುತ್ತಾನೆ. ಆ ಗುರು ವೇದ ಬಲ್ಲ ಶ್ರೋತ್ರಿಯನೂ ಬ್ರಹ್ಮದಲ್ಲಿ ನೆಲೆನಿಂತ ಬ್ರಹ್ಮನಿಷ್ಠನೂ ಆಗಿರಬೇಕೆಂದು ಮುಂಡಕೋಪನಿಷತ್ತು ಮೊದಲೇ ಕಟ್ಟಳೆ ಹಾಕಿದೆ. ತೈತ್ತಿರೀಯದ ‘ಆಚಾರ್ಯದೇವೋ ಭವ’ ಎಲ್ಲರ ಬಾಯಲ್ಲೂ ಇದೆ. ಆದರೆ ನಮ್ಮಲ್ಲಿರುವ ಒಳ್ಳೆಯ ನಡತೆಯನ್ನಷ್ಟೇ ಅನುಸರಿಸು, ಉಳಿದುದನ್ನು ಬಿಡು ಎಂದು ಆಚಾರ್ಯನೇ ಶಿಷ್ಯನಿಗೆ ಹೇಳುವ ಮಾತು ಅದರ ಬೆನ್ನಿಗೇ ಬರುತ್ತದೆ ಎಂಬುದನ್ನು ನೆನೆಯುವವರು ಕಡಿಮೆ. ಗೀತೆಯ 4ನೆಯ ಅಧ್ಯಾಯದ 34ನೆಯ ಶ್ಲೋಕವೂ ಪ್ರಣಿಪಾತ (ಅಡಿಗೆರಗುವುದು), ಸೇವೆಗಳ ನಡುವೆ ಪರಿಪ್ರಶ್ನವನ್ನು, ಎಂದರೆ ಕೆದಕಿ ಕೇಳುವುದನ್ನು, ಇಟ್ಟಿದೆ.

ಮಹಾಭಾರತದ ಉದ್ಯೋಗಪರ್ವದಲ್ಲಿ ಅಂಬೆಯ ನಿಮಿತ್ತ ಪರಶುರಾಮನೊಡನೆ ಯುದ್ಧಕ್ಕೆ ನಿಂತ ಭೀಷ್ಮ, ದಾರಿ ತಪ್ಪಿದ ಗುರುವಿಗೆ ವಿಧೇಯನಾಗಿರಬೇಕಿಲ್ಲವೆಂದು ಗುರುವಿನ ಎದುರಿಗೇ ಹೇಳುತ್ತಾನೆ. ಹಾಗೆ ಹೇಳಿದವನೇ ಯುದ್ಧಕ್ಕೆ ಮುನ್ನ ರಥದಿಂದಿಳಿದು, ಬಿಲ್ಲನ್ನು ಕೆಳಗಿಟ್ಟು, ನಡೆದುಹೋಗಿ ನಮಸ್ಕರಿಸಿ ಆಶೀರ್ವಾದ ಬೇಡುತ್ತಾನೆ. ಗೌರವವೂ ಭಿನ್ನಾಭಿಪ್ರಾಯವೂ ಒಬ್ಬನಲ್ಲೇ ಇರಬಹುದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ನಾನು ಕಂಡಿಲ್ಲ.

ಮುಂದೆ ತಂತ್ರ, ಆಗಮ, ಭಕ್ತಿಪಂಥಗಳ ಶತಮಾನಗಳಲ್ಲಿ ಗುರು ದೇವರಿಗೆ ಸಮನಾದ, ಕೆಲವೆಡೆ ದೇವರೇ ಆದ. 12ನೆಯ ಶತಮಾನದ ಶರಣರಲ್ಲಿ ಗುರುವು ಭಕ್ತನನ್ನು ಕಾಯುವ ಎಂಟು ಆವರಣಗಳಾದ ಅಷ್ಟಾವರಣದಲ್ಲಿ ಮೊದಲ ಸ್ಥಾನ ಪಡೆದ. ಅದೇ ಕಾಲದ ಅಲ್ಲಮಪ್ರಭು ಮಾತ್ರ, ಕೃತಯುಗದಲ್ಲಿ ಬಡಿದು ಕಲಿಸುತ್ತಿದ್ದ ಗುರು ಕಲಿಯುಗದಲ್ಲಿ ಶಿಷ್ಯನಿಗೆ ವಂದಿಸಿ ಕಲಿಸುವುದನ್ನು ಕಂಡು ಬೆರಗಾದ.

ಪೂಜೆ ಯಾರಿಗೆ ಎಂಬ ಗೊಂದಲ ಹೆಚ್ಚಾಗಿರುವುದು ಆಷಾಢ ಹುಣ್ಣಿಮೆಯ ವ್ಯಾಸಪೂಜೆಯ ವಿಷಯದಲ್ಲಿ. ಶಂಕರಪರಂಪರೆಯ ಸಂನ್ಯಾಸಿಗಳು ಮಳೆಗಾಲದಲ್ಲಿ ಒಂದೆಡೆ ನೆಲೆಸುವ ಚಾತುರ್ಮಾಸ್ಯ ವ್ರತದ ಸಂಕಲ್ಪ ಮಾಡುವುದು ಈ ಹುಣ್ಣಿಮೆಯಂದೇ. ಹರಡಿದ ಅಕ್ಕಿಯ ಮೇಲೆ ನಿಂಬೆಹಣ್ಣುಗಳನ್ನಿಟ್ಟು, ಒಂದೊಂದರಲ್ಲೂ ಒಬ್ಬ ಗುರುವನ್ನು ಆವಾಹಿಸುತ್ತಾರೆ: ನಡುವೆ ಕೃಷ್ಣ, ಸನಕಾದಿ ಋಷಿಗಳು, ಒಂದು ಬದಿಗೆ ವ್ಯಾಸರೊಡನೆ ಅವರ ಶಿಷ್ಯರಾದ ಪೈಲ, ವೈಶಂಪಾಯನ, ಜೈಮಿನಿ, ಸುಮಂತು, ಇನ್ನೊಂದು ಬದಿಗೆ ಶಂಕರರೊಡನೆ ಅವರ ಶಿಷ್ಯರಾದ ಪದ್ಮಪಾದ, ಸುರೇಶ್ವರ, ಹಸ್ತಾಮಲಕ, ತೋಟಕ. ಇಲ್ಲಿ ಪೀಠದಲ್ಲಿರುವ ಗುರುವೇ ಪೂಜೆ ಮಾಡುವವರು. ಪೂಜೆ ಸಲ್ಲುವುದು ಅವರಿಗೆ ವಿದ್ಯೆ ತಲುಪಿಸಿದ ಇಡೀ ಸಾಲಿಗೆ.

ಅಚ್ಚಾದ ಭಾವಚಿತ್ರ, ದೊಡ್ಡ ಸಭಾಂಗಣ, ನೇರಪ್ರಸಾರಗಳು ಬಂದ ಮೇಲೆ ಜನರ ಕಣ್ಣು ಆ ಸಾಲಿನಿಂದ ಎದುರಿಗಿರುವ ಮುಖದ ಕಡೆಗೆ ಹೊರಳಿತು. ಚೈತನ್ಯರ ಪರಂಪರೆಯ ಗೌಡೀಯ ವೈಷ್ಣವರ ಕೆಲವು ಶಾಖೆಗಳಲ್ಲಿ ಗುರುವನ್ನು ವ್ಯಾಸರ ಪ್ರತಿನಿಧಿಯೆಂದು ಭಾವಿಸಿ, ಅವರು ಹುಟ್ಟಿದ ತಿಥಿಯನ್ನೇ ವ್ಯಾಸಪೂಜೆಯೆಂದು ಆಚರಿಸುತ್ತಾರೆ. ಇಂದು ಗುರುಪೂರ್ಣಿಮೆಯ ದಿನ ಶಂಕರಪರಂಪರೆಯ ಯತಿಗಳ ಪಾದಪೂಜೆಗೆ ಸಾಲು ನಿಲ್ಲುವ ಭಕ್ತರಲ್ಲಿ ಬಹಳ ಮಂದಿಗೆ, ಅದೇ ದಿನ ಆ ಯತಿಗಳೂ ನಿಂಬೆಹಣ್ಣುಗಳ ಮುಂದೆ ಶಿಷ್ಯರಾಗಿ ಕೂತಿದ್ದರೆಂಬುದು ತಿಳಿದೇ ಇರುವುದಿಲ್ಲ.