ನೂರು ಪೀಸಿನ ಪೆಟ್ಟಿಗೆ, ಒಂದು ಮಿಲಿಮೀಟರ್ ಹಿಡಿತ

ಸಂಪ್ ಪಕ್ಕದ ನೀರಿನ ಮೋಟರ್ ಬಿಚ್ಚೋಣ ಅಂತ ಒಂದು ಭಾನುವಾರ ಕೂತೆ. ಅಡಿಯಲ್ಲಿ ನಾಲ್ಕು ಬೋಲ್ಟು, ಎಲ್ಲಾ ಹದಿಮೂರರವು. ಮೂರು ಸಲೀಸಾಗಿ ಬಂದವು. ನಾಲ್ಕನೆಯದು ತುಕ್ಕು ಹಿಡಿದು ಕೂತಿತ್ತು. ಸಾಕೆಟ್, ಅಂದರೆ ಬೋಲ್ಟಿನ ತಲೆಯನ್ನು ಸುತ್ತಲೂ ಹಿಡಿಯುವ ಟೊಳ್ಳು ಪಾನಾ, ಹಾಕಿ ಜೋರಾಗಿ ಎಳೆದೆ. ಕರಕ್ ಅಂತು, ಕೈ ಗೋಡೆಗೆ ಬಡಿಯಿತು, ಗೆಣ್ಣಿನ ಚರ್ಮ ಹೋಯಿತು. ಬೋಲ್ಟು ಅಲ್ಲೇ ಇತ್ತು, ಅದರ ಮೂಲೆಗಳು ಮಾತ್ರ ಸವೆದು ನುಣ್ಣಗಾಗಿದ್ದವು.

ತಪ್ಪು ನನ್ನದೇ. ನೂರಕ್ಕೂ ಜಾಸ್ತಿ ಪೀಸು ಇಷ್ಟು ಕಡಿಮೆ ರೇಟಿಗೆ ಸಿಗ್ತಿದೆ ಅಂತ ಆಸೆಬಿದ್ದು ತಂದ ಸಾಕೆಟ್ ಸೆಟ್ಟು ಅದು.

ಆ ಬೋಲ್ಟಿನ ತಲೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಹದಿಮೂರರ ಬೋಲ್ಟು ಅಂದರೆ ಎದುರುಬದುರಿನ ಎರಡು ಚಪ್ಪಟೆ ಮುಖಗಳ ನಡುವೆ 13 ಮಿಲಿಮೀಟರ್. ಮೂಲೆಯಿಂದ ಮೂಲೆಗೆ ಅಳೆದರೆ ಸುಮಾರು 15. ಅಂದರೆ ಪ್ರತಿ ಮೂಲೆಯೂ ಮುಖದ ನಡುಭಾಗಕ್ಕಿಂತ ಹೊರಗೆ ಚಾಚಿರುವುದು ಬರೀ 1 ಮಿಲಿಮೀಟರ್. ಸಾಕೆಟ್ಟಿಗೆ ಸಿಗುವ ಹಿಡಿತವೆಲ್ಲ ಅಷ್ಟರಲ್ಲೇ. ಸಾಕೆಟ್ ಸಡಿಲವಾಗಿದ್ದಷ್ಟೂ ಅದು ಸ್ವಲ್ಪ ಹೆಚ್ಚು ತಿರುಗಿ, ಮೂಲೆಯ ತುದಿಯ ಹತ್ತಿರ ಹೋಗಿ ತಾಗುತ್ತದೆ. ನಿಮ್ಮ ತೋಳಿನ ಬಲವೆಲ್ಲ ಕೂದಲೆಳೆಯಷ್ಟು ಜಾಗದ ಮೇಲೆ ಬೀಳುತ್ತದೆ. ಅಲ್ಲಿ ಕಬ್ಬಿಣ ಸವೆಯದೆ ಇನ್ನೇನಾದೀತು?

ಸಾಕೆಟ್ಟಿನ ಒಳಗೆ ಇಣುಕಿದರೆ ಕೆಲವದರಲ್ಲಿ ಆರು ಮೂಲೆ, ಕೆಲವದರಲ್ಲಿ ನಕ್ಷತ್ರದ ಹಾಗೆ ಹನ್ನೆರಡು. ಹನ್ನೆರಡು ಮೂಲೆಯದು 30 ಡಿಗ್ರಿಗೊಮ್ಮೆ ಬೋಲ್ಟಿನ ಮೇಲೆ ಕೂರುತ್ತದೆ, ಆರರದು 60 ಡಿಗ್ರಿಗೊಮ್ಮೆ. ಹನ್ನೆರಡರದನ್ನು ಕೂರಿಸೋದು ಸುಲಭ, ನಿಜ. ಆದರೆ ಅದು ಹಿಡಿಯುವುದು ಮೂಲೆಯ ತೀರಾ ಹತ್ತಿರ. ನನ್ನ ಸೆಟ್ಟಿನದು ಹನ್ನೆರಡರದೇ, ಸಾಲದ್ದಕ್ಕೆ ಸಡಿಲ. ಮನೆ ಕೆಲಸಕ್ಕೆ, ಅದರಲ್ಲೂ ತುಕ್ಕು ಹಿಡಿದ ಬೋಲ್ಟಿಗೆ, ಆರು ಮೂಲೆಯದನ್ನೇ ಕೇಳಿ ತಗೊಳ್ಳಿ.

ಪೀಸು ಎಣಿಸುವ ಹುಚ್ಚಿಗೆ ಒಂದು ತಮಾಷೆಯ ಹಿನ್ನೆಲೆಯಿದೆ. ಮೊದಲು ಹಿಡಿ ಮತ್ತು ಸಾಕೆಟ್ ಹೆಚ್ಚಾಗಿ ಒಂದೇ ತುಂಡಾಗಿ ಬರುತ್ತಿದ್ದವು. 1920ರಲ್ಲಿ ಅಮೆರಿಕದ ಜೋಸೆಫ್ ಜಾನ್ಸನ್ ಹತ್ತು ಸಾಕೆಟ್, ಐದು ಹಿಡಿ ಬೇರೆಬೇರೆ ಮಾಡಿ, ಬೇಕಾದಂತೆ ಜೋಡಿಸಿಕೊಳ್ಳಿ ಅಂತ ಮಾರಿದ. ಸ್ನ್ಯಾಪ್-ಆನ್ ಕಂಪನಿ ಶುರುವಾದದ್ದು ಹೀಗೆ. ಐದು ಐವತ್ತರ ಕೆಲಸ ಮಾಡುತ್ತದೆ ಅನ್ನೋದು ಅವನ ಪ್ರಚಾರ. ಈಗಿನ ಅಗ್ಗದ ಪೆಟ್ಟಿಗೆಗಳದು ಉಲ್ಟಾ ಲೆಕ್ಕ. ಎಲ್ಲೆಲ್ಲೂ ಸಿಗುವ 46 ಪೀಸಿನ ಸೆಟ್ಟನ್ನೇ ತೆರೆಯಿರಿ. ಸಾಕೆಟ್ ಇರೋದು ಹನ್ನೆರಡು ಹದಿಮೂರು, ಉಳಿದದ್ದರಲ್ಲಿ ಹೆಚ್ಚಿನವು ಬಿಟ್ಟುಗಳು, ಅಂದರೆ ಸ್ಕ್ರೂ ತಿರುಗಿಸುವ ಚಿಕ್ಕ ತುದಿಗಳು. ಇನ್ನು ಕೆಲವು ಸೆಟ್ಟುಗಳಲ್ಲಿ ಇಂಚಿನ ಸಾಕೆಟ್ ತುಂಬಿರುತ್ತಾರೆ. ನಮ್ಮ ಸ್ಕೂಟರ್, ವಾಷಿಂಗ್ ಮೆಷಿನ್ ಎಲ್ಲದರಲ್ಲೂ ಮಿಲಿಮೀಟರ್ ಬೋಲ್ಟು. 9/16 ಇಂಚಿನದು 14.3 ಮಿಲಿಮೀಟರ್ ಆಗುತ್ತದೆ. ಹದಿನಾಲ್ಕರ ಬೋಲ್ಟಿಗೆ ಸರಿಹೋಗ್ತದೆ ಅನ್ನಿಸುತ್ತೆ, ಮೂಲೆ ತಿನ್ನುತ್ತೆ.

ಮುಂದಿನ ಪ್ರಶ್ನೆ ಡ್ರೈವ್, ಅಂದರೆ ಹಿಡಿಯ ತುದಿಯ ಚೌಕ. ಕಾಲು ಇಂಚಿನದೋ ಅರ್ಧ ಇಂಚಿನದೋ? ತಿರುಚುವ ಬಲವನ್ನು ತಡೆಯುವ ಶಕ್ತಿ ಚೌಕದ ಅಳತೆಯ ಘನಕ್ಕೆ ತಕ್ಕಂತೆ ಏರುತ್ತದೆ. ಅಳತೆ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು! ಹಾಗಂತ ಅರ್ಧ ಇಂಚೇ ಸಾಕು ಅನ್ನಬೇಡಿ. ಅದರ 25 ಸೆಂಟಿಮೀಟರ್ ಹಿಡಿಗೆ 20 ಕೆಜಿ ಬಲ ಹಾಕಿದರೆ ಸುಮಾರು 50 ನ್ಯೂಟನ್-ಮೀಟರ್ ಹುಟ್ಟುತ್ತದೆ. ಹತ್ತರ ತಲೆಯ ಸಣ್ಣ ಬೋಲ್ಟಿಗೆ ಬೇಕಾದ್ದು ಸುಮಾರು 10. ಬಿಗಿ ಮಾಡ್ತಾ ಇದ್ದೇನೆ ಅಂದುಕೊಳ್ಳುವಷ್ಟರಲ್ಲಿ ಅದು ಮುರಿದು ಕೈಗೆ ಬಂದಿರುತ್ತದೆ. ಸಣ್ಣದಕ್ಕೆ ಕಾಲು ಇಂಚಿನ ಚಿಕ್ಕ ಸೆಟ್ಟು, ದೊಡ್ಡದಕ್ಕೆ ಅರ್ಧ ಇಂಚಿನ ಬಿಡಿ ಸಾಕೆಟ್ ನಾಲ್ಕೈದು. ಒಂದು ಮನೆಗೆ ಇಷ್ಟು ಧಾರಾಳ.

ರಾಚೆಟ್ ಅಂದರೆ ಒಂದು ಕಡೆಗೆ ಮಾತ್ರ ಬೋಲ್ಟನ್ನು ತಿರುಗಿಸಿ, ಹಿಂದಕ್ಕೆ ಟಿಕ್ ಟಿಕ್ ಅಂತ ಸುಮ್ಮನೆ ಸರಿಯುವ ಹಿಡಿ. ಅದರೊಳಗೆ 72 ಹಲ್ಲಿದ್ದರೆ 5 ಡಿಗ್ರಿ ಹಿಂದೆ ಸರಿದರೂ ಸಾಕು, ಮುಂದಿನ ಹಲ್ಲು ಸಿಗುತ್ತದೆ. 24 ಹಲ್ಲಿನದಕ್ಕೆ 15 ಡಿಗ್ರಿ ಜಾಗ ಬೇಕು. ಗೋಡೆಗೆ ಅಂಟಿಕೊಂಡ ಮೋಟರ್ ಪಕ್ಕ ಕೂತವರಿಗೆ ಗೊತ್ತು ಆ ಹತ್ತು ಡಿಗ್ರಿಯ ಬೆಲೆ. ಆದರೆ ಜಾಮ್ ಆದ ಬೋಲ್ಟಿಗೆ ರಾಚೆಟ್ ಹಾಕಬೇಡಿ. ಅಗ್ಗದ ಸೆಟ್ಟಿನಲ್ಲಿ ಮೊದಲು ಕೈಕೊಡೋದು ಅದರ ಹಲ್ಲೇ. ಹಲ್ಲಿಲ್ಲದ, ಗಟ್ಟಿಯಾದ ಟಿ ಆಕಾರದ ಹಿಡಿಯಿಂದ (ಟಿ-ಹ್ಯಾಂಡಲ್) ಸಡಿಲ ಮಾಡಿ, ಆಮೇಲೆ ರಾಚೆಟ್.

ಹೊಳಪು ನೋಡಿ ಮರುಳಾಗಬೇಡಿ. ಅದು ಮೇಲಿನ ಲೇಪ. ಒಳಗಿನ ಉಕ್ಕು ಕ್ರೋಮ್ ವನೇಡಿಯಂ ಆಗಿರಬೇಕು. ಒಂದು ಶೇಕಡಾಕ್ಕಿಂತ ಕಡಿಮೆ ವನೇಡಿಯಂ ಸೇರಿಸಿದರೂ ಉಕ್ಕಿನ ಕಣಗಳು ಸಣ್ಣದಾಗಿ, ಬಲ ಬಿದ್ದಾಗ ಬೇಗ ಬಿರಿಯುವುದಿಲ್ಲ. ಸಾಕೆಟ್ ಮೇಲೆ ಸಿಆರ್-ವಿ ಅಂತ ಕೆತ್ತಿರುತ್ತಾರೆ. ಕೆತ್ತನೆಯನ್ನು ಯಾರು ಬೇಕಾದರೂ ಹಾಕಬಹುದು, ಅಲ್ವಾ? ಅದಕ್ಕೇ ಹೆಸರಿರುವ ಕಂಪನಿಯ ಚಿಕ್ಕ ಸೆಟ್ಟು ವಾಸಿ.

ಈ ಸಲ ಹೊಸ ಸೆಟ್ಟಿಗೆ ಅಂತ ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಹತ್ತರದೊಂದು, ಹದಿಮೂರರದೊಂದು ಹೊಸ ಬೋಲ್ಟು ಇಟ್ಟುಕೊಂಡಿದ್ದೆ. ಒಂದೊಂದೇ ಸಾಕೆಟ್ಟಿಗೆ ತೂರಿಸಿ ಅಲ್ಲಾಡಿಸಿ ನೋಡಿದೆ. ಮೂರನೇ ಡಬ್ಬಿ ತೆಗೆಯುವ ಹೊತ್ತಿಗೆ ಅಂಗಡಿಯವರು, "ಸಾರ್, ಸುಮ್ನೆ ನಿಮ್ಮ ಬೋಲ್ಟ್ ಕೊಡಿ, ನಾನೇ ಹುಡುಕ್ತೀನಿ" ಅಂದರು.